ಹೆಸರಿಡದ ಗಡ್ಡೆ

ನಮ್ಮ ತಿರ್ಲಾಪುರದಲ್ಲಿ ಹಿತ್ತಲೆಂದರೆ ಒಂದಿಷ್ಟು ಮೆಂತ್ಯ, ಒಂದಿಷ್ಟು ಉಳ್ಳಾಗಡ್ಡಿ. ಹೊಟ್ಟೆಗೆ ಆಗದ್ದನ್ನು ಬೆಳೆಸುವ ಹುಚ್ಚು ಇದ್ದದ್ದು ನನ್ನ ಬಾಜೂ ಮನೆಯ ಮಲ್ಲಕ್ಕನಿಗೆ ಮಾತ್ರ. ಬಸ್ಸಿನಲ್ಲಿ ಹೋಗುವಾಗ ಯಾರದೋ ಅಂಗಳದಲ್ಲಿ ಗೊತ್ತಿಲ್ಲದ ಹೂವು ಕಂಡರೆ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದು ಹೋಗಿ ಒಂದು ಟೊಂಗೆ ಬೇಡಿ ತರುವ ಹೆಂಗಸು ಅವಳು. ತಂದದ್ದರ ಎಲೆ ಹಿಸುಕಿ ಮೂಸುತ್ತಿದ್ದಳು. ಮೂಸದೆ ಯಾವ ಗಿಡವನ್ನೂ ನಂಬಿದವಳಲ್ಲ. ಹೆಸರು ತಿಳಿಯದಿದ್ದರೆ ತಾನೇ ಒಂದು ಇಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಅವಳ ಹುಚ್ಚಿಗೆ ಜೋಡಿ ಸಿಕ್ಕಿದ್ದು ನವಲಗುಂದದ ಜುಲೇಖಾಬಿ, ಜಮಖಾನೆ ನೇಯುವವಳು. ಮಗಳ ಮದುವೆಗೆ ಜಮಖಾನೆ ತರಲು ಹೋದ ಮಲ್ಲಕ್ಕ ಮಗ್ಗದ ಬದಿಯ ಡಬ್ಬಿಯಲ್ಲಿದ್ದ ಗಿಡ ನೋಡಿ, ಜಮಖಾನೆ ಮರೆತು, ಸಸಿ ಹಿಡಿದುಕೊಂಡು ಬಂದಳು. ಅಂದಿನಿಂದ ಇಬ್ಬರ ನಡುವೆ ಕಡ್ಡಿ, ಬೀಜ, ಬೇರು ಓಡಾಡಿದವು. ಹೋದ ಮಳೆಗಾಲದಲ್ಲಿ ಜುಲೇಖಾಬಿ ಒಂದು ಗಡ್ಡೆ ಕೊಟ್ಟಳು. ಅಷ್ಟೊತ್ತಿಗೆ ಕೈಕಾಲು ಬಾತು ಮಗ್ಗ ಬಿಟ್ಟಿದ್ದಳು.

“ಇದರ ಹೆಸರು ನನಗೂ ಗೊತ್ತಿಲ್ಲ ಮಲ್ಲಕ್ಕಾ. ಹೂವು ಬರಲಿ, ಇಬ್ರೂ ಕೂಡಿ ತೊಟ್ಲಾಗ ಹಾಕಿ ಹೆಸರಿಡೂಣು,” ಅಂದಿದ್ದಳಂತೆ.

ಮಲ್ಲಕ್ಕ ಅದನ್ನು ಉಳ್ಳಾಗಡ್ಡಿ ಮಡಿಯ ಅಂಚಿಗೆ ಊರಿದಳು. ಪಟ್ಟಿಯಂಥ ಉದ್ದ ಎಲೆ ಬಂದವು, ಹೂವು ಬರಲಿಲ್ಲ. ಶಿವರಾತ್ರಿ ಸಮೀಪಕ್ಕೆ ಎಲೆ ಹಳದಿಯಾಗಿ ಒರಗಿದವು. ಅದೇ ವಾರ ಜುಲೇಖಾಬಿ ತೀರಿಕೊಂಡಳು.

ಮಲ್ಲಕ್ಕ ಮಣ್ಣಿಗೆ ಹೋಗಿ ಬಂದಳು, ಕಣ್ಣು ಒಣಗಿದ್ದವು. “ಮನಿ ಮಂದಿ ಅಳತಿದ್ರು. ನಾ ಯಾರು ಅಂತ ಅಲ್ಲಿ ಕುಂತು ಅಳ್ಲಿ?” ಅಂದಳು ನನಗೆ.

ಹಿತ್ತಲಿಗೆ ಹೋದರೆ ಮಡಿ ಬೋಳು. ಅವಳ ಗಂಡ ಮಡಿವಾಳೆಪ್ಪ ಉಳ್ಳಾಗಡ್ಡಿಯ ಜೊತೆ ಆ ಗಡ್ಡೆಯನ್ನೂ ಕಿತ್ತು, ಜುಟ್ಟು ಬೇರು ಕೊಯ್ದು, ಪಡಸಾಲೆಯಲ್ಲಿ ರಾಶಿ ಹಾಕಿದ್ದ. ಸೊಪ್ಪು ಒರಗಿದ ಗಡ್ಡೆ ಕಂಡರೆ ಈ ಕಡೆಯವರ ಕೈ ತಾನಾಗಿ ಕೀಳುತ್ತದೆ. ನಾನಾದರೂ ಕೀಳುತ್ತಿದ್ದೆ. ಆದರೂ ಆ ಹೊತ್ತು ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

“ಒಂದ ಗಡ್ಡಿಗೆ ಏನಾತು? ಮತ್ತೊಂದು ತಂದ್ರಾತು,” ಅಂದ ಅವನು.

“ಯಾರ ಕಡೆಯಿಂದ ತರ್ಲಿ?” ಅಂದಳು ಮಲ್ಲಕ್ಕ.



ಮಣ್ಣು ಮೆತ್ತಿ ಒಣಗಿದ ಮೇಲೆ ಎಲ್ಲ ಗಡ್ಡೆಯೂ ಒಂದೇ ತರಹ. ಮಲ್ಲಕ್ಕ ರಾಶಿಯ ಮುಂದೆ ಕೂತು ಒಂದೊಂದನ್ನೇ ಉಗುರಿನಿಂದ ಗೀರಿ ಮೂಸತೊಡಗಿದಳು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಕೈ, ಸೆರಗು, ಗಾಳಿ ಎಲ್ಲವೂ ಉಳ್ಳಾಗಡ್ಡಿಯಾಗಿ ಮೂಗು ಕೆಲಸಕ್ಕೆ ಬಾರದಾಯಿತು. ಅವಳು ಮಾತ್ರ ಎದ್ದು ಹೊರಗೆ ಹೋಗಿ ಕೈಗೆ ಮಣ್ಣು ತಿಕ್ಕಿ ತೊಳೆದು ಮತ್ತೆ ಬಂದು ಕೂರುತ್ತಿದ್ದಳು. ಇಬ್ಬರ ಕಣ್ಣಲ್ಲೂ ನೀರು. ನನ್ನದು ಒರೆಸಿದರೆ ನಿಂತಿತು. ಅವಳದು ನಿಲ್ಲಲಿಲ್ಲ. ಅವಳ ಭುಜ ಅಲುಗಿದಾಗ ನನಗೆ ತಿಳಿಯಿತು, ಅದು ಉಳ್ಳಾಗಡ್ಡಿಯ ನೀರಲ್ಲ.

“ಈ ಸಲ ಉಳ್ಳಾಗಡ್ಡಿ ಬಾಳ ಖಾರ ಅದಾವು,” ಅಂದ ಮಡಿವಾಳೆಪ್ಪ. ಅವನೂ ಬಂದು ಎದುರಿಗೆ ಕೂತ. ಒಂದು ಗಡ್ಡೆ ಎತ್ತಿ ಮೂಸಿದ.

ಹೊತ್ತು ಇಳಿಯುವಾಗ ಮಲ್ಲಕ್ಕನ ಕೈ ನಿಂತಿತು. “ಇದಕ್ಕ ವಾಸನಿ ಇಲ್ಲ,” ಅಂದಳು. ಇನ್ನೊಮ್ಮೆ ಮೂಸಿ ಉಡಿಯಲ್ಲಿ ಹಾಕಿಕೊಂಡಳು.

ಎರೆಮಣ್ಣಿನಲ್ಲಿ ಕೊಳೆತೀತೆಂದು ಉಸುಕು ಬೆರೆಸಿದ ಡಬ್ಬಿಯಲ್ಲಿ ನೆಟ್ಟಳು. ಬೇಸಿಗೆಯ ಮೊದಲ ಅಡ್ಡಮಳೆ ಬಿದ್ದ ಮೇಲೆ, ಒಂದೆಲೆಯೂ ಇಲ್ಲದೆ ಬೋಳು ದಂಟು ಮೇಲೆದ್ದು, ಅಂಗೈ ಅಗಲದ ಕೆಂಪು ಹೂವು ಬಿಟ್ಟಿತು. ಓಣಿಯೆಲ್ಲ ನೋಡಲು ಬಂತು. ನನ್ನ ಸೊಸೆ ರೋಹಿಣಿ ಮೊಬೈಲ್ ಹಿಡಿದು ಏನೋ ಹೆಸರು ಓದಿ ಹೇಳಿದಳು.

ಮಲ್ಲಕ್ಕ ಬಗ್ಗಿ ಹೂವನ್ನು ಮೂಸಿದಳು. ಅದಕ್ಕೂ ವಾಸನೆ ಇರಲಿಲ್ಲ.

“ಇರಬಹುದವ್ವಾ,” ಅಂದಳು. “ಅದು ಮಂದಿ ಇಟ್ಟ ಹೆಸರು. ನಾವಿಬ್ರು ಇಡೂದು ಹಂಗ ಉಳದೈತಿ.”