ಗೇಟು ಬಿದ್ದಾಗ ಕೊಂಡ ಫ್ಯಾನು

ಸೀರೆಯನ್ನು ಮುಟ್ಟಿ ಕೊಳ್ಳುತ್ತೇವೆ, ಕಲ್ಲಂಗಡಿಯನ್ನು ತಟ್ಟಿ ಕೊಳ್ಳುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುತ್ತೇವೆ. ಕಿವಿಗೆ ಹಿಡಿದು ಕೊಳ್ಳುವ ವಸ್ತುಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿದ್ದು ನಾನೇ ಇರಬೇಕು. ಅದು ಕಂಪ್ಯೂಟರಿನ ಫ್ಯಾನು. ಡಬ್ಬದ ಬೆನ್ನಿನಲ್ಲಿ ಕೂತು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದಲ್ಲ, ಅಂಗೈಯಗಲದ ಆ ಚೌಕದ ಫ್ಯಾನು. ಅದು ಕೆಡುವವರೆಗೆ ಅಂಥದೊಂದು ಇದೆಯೆಂದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ನಾನು ನಾಲ್ಕು ಜನರ ಎದುರು ಎದ್ದು ಕಾಣುವ ಕೆಲಸ ಮಾಡುವವಳಲ್ಲ. ಬಸ್ಸಿನಲ್ಲಿ 'ಇಳಿಯೋರಿದ್ದೀವಿ' ಎಂದು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದದ್ದುಂಟು. ಅಂಥವಳು ಹೊಸಪೇಟೆಯ ರೈಲ್ವೆ ಗೇಟಿನ ಬಳಿಯ ಅಂಗಡಿಯಲ್ಲಿ, ತಿರುಗುತ್ತಿರುವ ಫ್ಯಾನಿಗೆ ಕಿವಿ ಆನಿಸಿ, ಕಣ್ಣು ಮುಚ್ಚಿಕೊಂಡು ನಿಂತಳೆಂದರೆ ಅದಕ್ಕೆ ಕಾರಣ ಬೇಕು. ಕಾರಣ ನನ್ನ ಅತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಅಮ್ಮ ಅಣ್ಣನೊಂದಿಗೆ ಕಂಪ್ಲಿಯಲ್ಲಿದ್ದಾರೆ. ನಾನು ಕಾಲೇಜಿಗೆ ಸೇರಿದಾಗಿನಿಂದ ಹೊಸಪೇಟೆಯಲ್ಲಿ ಅತ್ತೆಯ ಎರಡು ಕೋಣೆಯ ಮನೆಯಲ್ಲಿದ್ದೇನೆ. ಅತ್ತೆ ಮದುವೆಯಾಗಲಿಲ್ಲ. ಸಂಡೂರಿನ ಕಡೆಯ ಗಣಿ ಕಾಲನಿಯ ಶಾಲೆಯಲ್ಲಿ ಇಡೀ ಆಯುಷ್ಯ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದಳು. ಶಾಲೆ ಇದ್ದದ್ದು ಅದಿರಿನ ಲಾರಿಗಳು ಏರು ಹತ್ತುವ ತಿರುವಿನಲ್ಲಿ. ಲಾರಿಯ ಗೊರಗೊರ ಒಂದು ಕಡೆ, 'ಹದಿನೇಳ್ ಏಳ್ಲ' ಎಂಬ ಅತ್ತೆಯ ದನಿ ಇನ್ನೊಂದು ಕಡೆ, ಗೆಲ್ಲುತ್ತಿದ್ದುದು ಅತ್ತೆ. ಡ್ರೈವರುಗಳಿಗೂ ಹದಿನೇಳರ ಮಗ್ಗಿ ಬರುತ್ತಿತ್ತೆಂದು ಅವಳ ಜತೆಯ ಟೀಚರುಗಳು ತಮಾಷೆ ಮಾಡುತ್ತಿದ್ದರು.

ನಾನು ಫ್ಯಾನು ಕೊಂಡ ವರ್ಷ ಅತ್ತೆಯ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಾಗಿರಲಿಲ್ಲ, ಆದರೆ ಅದನ್ನು ತೆಗೆದಮೇಲೆ ದನಿ ಪಿಸುಮಾತಿಗೆ ಇಳಿಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು. ಕೂಗಬಾರದು, ಹಾಗೆಂದು ಸುಮ್ಮನೆಯೂ ಇರಬಾರದು. ಮೆಲ್ಲಗೆ, ದಿನವೂ, ಮಾತಾಡುತ್ತಲೇ ಇರಬೇಕು. ಮಾತು ಬಿಟ್ಟರೆ ದನಿ ಮರಳಿ ಬರುವುದು ಕಷ್ಟ.

ಇಷ್ಟು ಹೊತ್ತಿಗೆ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ಎಂ.ಎ. ಮುಗಿಸಿದ ನಾನು ಪ್ರೆಸ್ಸಿನವರಿಗೆ ಪುಸ್ತಕ, ಪ್ರಬಂಧ, ಲಗ್ನಪತ್ರಿಕೆಗಳನ್ನು ಟೈಪು ಮಾಡಿ ಪುಟ ಕಟ್ಟಿ ಕೊಡುತ್ತಿದ್ದೆ. ಯಂತ್ರ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಓಡುತ್ತಿತ್ತು. ಅದೇ ಕೋಣೆಯ ಮಂಚದ ಮೇಲೆ ಅತ್ತೆ. ಯಂತ್ರದ ಫ್ಯಾನು ರಸ್ತೆಯ ಕೆಂಪು ದೂಳನ್ನೆಲ್ಲ ಒಳಗೆಳೆದುಕೊಂಡು, ಎಣ್ಣೆ ಕುಂಕುಮ ಕಲಸಿದಂಥ ಮುದ್ದೆ ಮಾಡಿಕೊಂಡು, ಹಿಟ್ಟಿನ ಗಿರಣಿಯಂತೆ ಕಿರುಗುಟ್ಟತೊಡಗಿತು. ಅತ್ತೆ ತುಟಿ ಆಡಿಸುತ್ತಿದ್ದಳು. ನನಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೊದಮೊದಲು ಎದ್ದು ಹತ್ತಿರ ಹೋಗಿ 'ಏನಂದಿ?' ಎನ್ನುತ್ತಿದ್ದೆ. ಆಮೇಲೆ ಕೂತಲ್ಲಿಂದಲೇ, ಪರದೆಯಿಂದ ಕಣ್ಣು ತೆಗೆಯದೆ, 'ಹೂಂ' ಎನ್ನಲು ಕಲಿತೆ. ಕೆಲಸದಲ್ಲಿರುವ ಮನುಷ್ಯರು ಪ್ರೀತಿಪಾತ್ರರಿಗೆ ಕೊಡುವ ಅಗ್ಗದ ಉತ್ತರ ಅದು.

ಅತ್ತೆ ಸ್ವಾಭಿಮಾನಿ. ಕೆಲವು ದಿನ ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿದು ಕರೆದಳು, ಶಾಲೆಯ ಗಂಟೆಯ ಹಾಗೆ. ಆಮೇಲೆ ಲೋಟವೂ ಮೌನವಾಯಿತು. ಒಂದು ದಿನ ಊಟಕ್ಕೆ ಕೂತಾಗ, ಬೆಳಿಗ್ಗೆಯಿಂದ ಅತ್ತೆ ಒಂದು ಮಾತೂ ಆಡಿಲ್ಲವೆಂಬುದು ನನಗೆ ಹೊಳೆಯಿತು. ಹಿಟ್ಟಿನ ಗಿರಣಿಯೊಂದಿಗೆ ಪೈಪೋಟಿ ಮಾಡಲಾರದೆ ಒಂದು ದನಿ ನಮ್ಮ ಮನೆಯಲ್ಲೇ, ನನ್ನ ಬೆನ್ನ ಹಿಂದೆಯೇ, ಸೋಲೊಪ್ಪುತ್ತಿತ್ತು.

ಹಾಗೆ ಶುರುವಾಯಿತು ನನ್ನ ಫ್ಯಾನಿನ ಅಧ್ಯಯನ. ಓದಿ ಪಾಸಾದವರಿಗೆ ಒಂದು ಕಾಯಿಲೆ: ಏನೇ ಕೊಳ್ಳಬೇಕಾದರೂ ಮೊದಲು ಒಂದು ನೋಟ್‌ಬುಕ್ಕು ಕೊಳ್ಳುತ್ತೇವೆ. ದೊಡ್ಡ ರೆಕ್ಕೆಯ ಫ್ಯಾನು ನಿಧಾನ ತಿರುಗಿಯೂ ಸಾಕಷ್ಟು ಗಾಳಿ ಎಳೆಯುತ್ತದೆ, ಆದ್ದರಿಂದ ಸದ್ದು ಕಡಿಮೆ. ಚಿಕ್ಕದು ಅಷ್ಟೇ ಗಾಳಿಗೆ ಹುಚ್ಚೆದ್ದು ತಿರುಗಬೇಕು. ಬಿಸಿ ನೋಡಿಕೊಂಡು ತಾನೇ ವೇಗ ಏರಿಸಿ ಇಳಿಸಿಕೊಳ್ಳುವ ಜಾತಿಯೂ ಒಂದಿದೆ. ಇದನ್ನೆಲ್ಲ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಬರೆದುಕೊಂಡೆ. ಹಂಪಿಗೆ ಹೋದಾಗಲೂ ತಲೆಯಲ್ಲಿ ಅದೇ. ಕಲ್ಲಿನ ಪಟ್ಟಿಕೆಗಳಲ್ಲಿ ಅರಸರ ಪಕ್ಕ ಚಾಮರ ಹಿಡಿದು ನಿಂತ ಹೆಂಗಸರನ್ನು ಮೊದಲೂ ನೋಡಿದ್ದೆ. ಈ ಸಲ ಕಂಡದ್ದು ಬೇರೆ: ಐದು ನೂರು ವರ್ಷ ಗಾಳಿ ಹಾಕುತ್ತ ನಿಂತಿದ್ದಾರೆ, ಒಂದಿಷ್ಟು ಸದ್ದಿಲ್ಲ. ದೂಳು ಅವರ ಮೇಲೂ ಕೂತಿದೆ, ಕಿರುಗುಟ್ಟಿಲ್ಲ. ಅಲ್ಲಿಯವರೆಗೆ ಅವರ ಕೈನೋವಿನ ಬಗ್ಗೆ ಯೋಚಿಸುತ್ತಿದ್ದವಳು ಅವರ ಗುಣಮಟ್ಟದ ಬಗ್ಗೆ ಯೋಚಿಸಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಅಂಗಡಿಯ ಗೌಸ್ ಭಾಯ್‌ಗೆ ನನ್ನ ಬೇಡಿಕೆ ವಿಚಿತ್ರವೆನಿಸಿತು. ಅದು ಗಣಿಯ ಭರಾಟೆಯ ಕಾಲ. ಊರಲ್ಲಿ ಎಲ್ಲವೂ ದೊಡ್ಡ ಸದ್ದಿನಲ್ಲೇ ನಡೆಯುತ್ತಿತ್ತು.

"ಸದ್ದಿಲ್ಲದ ಫ್ಯಾನ್ ಯಾರೂ ಕೇಳಲ್ರಿ ಮೇಡಂ. ಮೈನ್ಸ್ ಆಫೀಸ್ನೋರಿಗೆ ಅಂಥಾದು ಹಾಕಿಕೊಟ್ರ, ಫ್ಯಾನ್ ತಿರುಗವಲ್ದು ಅಂತ ಹೊಳ್ಳಿ ತರ್ತಾರ," ಎಂದ.

ಇದ್ದ ಎರಡು ಮೂರನ್ನು ಬ್ಯಾಟರಿಗೆ ಸಿಕ್ಕಿಸಿ ತೋರಿಸಿದ. ಹೊರಗೆ ಸಂಡೂರಿನಿಂದ ಬಂದ ಲಾರಿಗಳ ಸಾಲು. ಆ ಗದ್ದಲದಲ್ಲಿ ಎಲ್ಲ ಫ್ಯಾನುಗಳೂ ಮೌನಿಗಳೇ. ನಾನು ಪೆಚ್ಚಾಗಿ ನಿಂತದ್ದನ್ನು ಕಂಡು, "ಈ ರೋಡಿನ್ಯಾಗ ಹೆಂಗ ಕೇಳ್ತೀರಿ? ಗೇಟ್ ಬೀಳ್ಲಿ, ತಡೀರಿ. ಕುಂದ್ರಿ," ಎಂದು ಸ್ಟೂಲು ಕೊಟ್ಟ.

ಗೇಟು ಬಿದ್ದರೆ ಡ್ರೈವರುಗಳು ಒಬ್ಬೊಬ್ಬರಾಗಿ ಇಂಜಿನ್ ಆರಿಸುತ್ತಾರೆ. ರೈಲು ಬರುವವರೆಗೆ ಎರಡೋ ಮೂರೋ ನಿಮಿಷ ಹೊಸಪೇಟೆಯ ಆ ರಸ್ತೆಯಲ್ಲಿ ಕಾಗೆ ಕೂಗಿದ್ದು ಕೇಳುತ್ತದೆ. ಅಷ್ಟು ಹೊತ್ತಿನಲ್ಲಿ ಮೂರು ಫ್ಯಾನು ಕೇಳಿ ಒಂದನ್ನು ಆರಿಸಬೇಕು. ಒಂದೊಂದನ್ನೇ ಕಿವಿಗೆ ಹಿಡಿದೆ. ಮೊದಲನೆಯದು ನೊಣದ ಹಾಗೆ. ಎರಡನೆಯದು ಜಡೆಯಿಂದ ಬಿಡಿಸಿಕೊಂಡಿದ್ದ ನನ್ನ ನಾಲ್ಕು ಕೂದಲನ್ನು ಎಳೆದುಕೊಂಡಿತು. ಅದರ ಬಗ್ಗೆ ನಿಷ್ಪಕ್ಷಪಾತವಾಗಿ ಏನೂ ಹೇಳಲಾರೆ. ಮೂರನೆಯದು, ಬಿಸಿ ನೋಡಿಕೊಂಡು ವೇಗ ಬದಲಿಸುವ ದೊಡ್ಡ ರೆಕ್ಕೆಯದು, ನಿದ್ದೆಹೋದ ಮಗುವಿನ ಉಸಿರಿನ ಹಾಗಿತ್ತು. ಲಾರಿ ಇಳಿದು ನೆರಳಿಗೆ ಬಂದು ನಿಂತಿದ್ದ ಡ್ರೈವರೊಬ್ಬ ಇದನ್ನೆಲ್ಲ ನೋಡುತ್ತಿದ್ದ.

"ಏನ್ ಅಂತೈತ್ರವ್ವಾ ಅದು?" ಎಂದ.

"ಏನೂ ಅನ್ನೂದಿಲ್ರಿ," ಎಂದೆ.

"ಮತ್ತ ಅಷ್ಟೊತ್ತಿನಿಂದ ಏನ್ ಕೇಳಿದ್ರಿ?"

ಅಷ್ಟರಲ್ಲಿ ರೈಲು ಬಂದು ನನ್ನನ್ನು ಕಾಪಾಡಿತು.

ಮರುದಿನ ಯಂತ್ರವನ್ನು ಆಟೋದಲ್ಲಿ ಅಂಗಡಿಗೆ ಒಯ್ದು ಹೊಸ ಫ್ಯಾನು ಹಾಕಿಸಿಕೊಂಡು ಬಂದೆ. ಯಂತ್ರ ಹೊರಡುವ ಮುನ್ನ ಅದರ ವೈರು ಬಿಚ್ಚಿ, ಒರೆಸಿ, ಊರಿಗೆ ಹೊರಟ ಮಗುವಿಗೆ ಮುಖ ತೊಳೆಸಿದಂತೆ ಅಣಿಮಾಡಿ ಕೊಡುವುದು ಅತ್ತೆಯ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ಅವಳೇ ವಹಿಸಿಕೊಂಡದ್ದು. ಸಂಜೆ ಯಂತ್ರ ಹಚ್ಚಿದಾಗ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಅತ್ತೆ ಮಂಚದಿಂದ ಪಿಸುಗುಟ್ಟಿದ್ದೂ ಕೇಳಿಸಿತು: "ಹಚ್ಚೀಯೇನು, ಇಲ್ಲೋ?"

ನಾಲ್ಕು ದಿನ ನಮ್ಮ ಮನೆಯಲ್ಲಿ ಮಾತೇ ಮಾತು. ಐದನೆಯ ದಿನ ಮಧ್ಯಾಹ್ನಕ್ಕೆ ಫ್ಯಾನು ಗುಂಯ್‌ಗುಟ್ಟತೊಡಗಿತು. ವಾರದೊಳಗೆ ಮತ್ತೆ ಗಿರಣಿ. ಯಂತ್ರವನ್ನು ಹೊತ್ತು ಅಂಗಡಿಗೆ ಹೋದೆ. ಅಲ್ಲಿ, ಗೇಟು ಬಿದ್ದಾಗ ಕೇಳಿದರೂ, ಫ್ಯಾನು ಸದ್ದೇ ಮಾಡಲಿಲ್ಲ. ಗೌಸ್ ಭಾಯ್ ಬೇಸರಿಸದೆ ಅಂಥದೇ ಇನ್ನೊಂದು ಹಾಕಿಕೊಟ್ಟ. ಮನೆಗೆ ತಂದೆ. ನಾಲ್ಕು ದಿನ ಮೌನ, ಐದನೆಯ ದಿನ ಗುಂಯ್. ನೋಟ್‌ಬುಕ್ಕಿನಲ್ಲಿ ಯಾವ ಹೊತ್ತಿಗೆ ಎಷ್ಟು ಸದ್ದು ಎಂದು ಗೆರೆ ಎಳೆದು ಬರೆದಿಟ್ಟೆ. ಅತ್ತೆ ಅದನ್ನು ಇಣುಕಿ ನೋಡಿ, ಏನೋ ಅಂದು, ನನಗೆ ಕೇಳಿಸದೆಂದು ಗೊತ್ತಾಗಿ ಕೈಬೀಸಿ ಬಿಟ್ಟಳು. ಆಮೇಲೆ ಮತ್ತೆ ಮೊದಲಿನಂತೆ ಗೋಡೆಯ ಕಡೆ ತಿರುಗಿ ಮಲಗುವುದು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಫ್ಯಾನು ಇನ್ನೊಂದು ಸಿಗುತ್ತದೆ. ಬಿಟ್ಟುಹೋದ ದನಿಗೆ ಯಾವ ಅಂಗಡಿ?

ಮೂರನೆಯ ಸಲ ಯಂತ್ರವನ್ನು ಒಯ್ಯದೆ ಬರಿಗೈಯಲ್ಲಿ ಹೋಗಿ ಗೌಸ್ ಭಾಯ್ ಎದುರು ನಿಂತೆ. ಅವನು ಯೋಚಿಸಿ ಹೇಳಿದ: "ಮೇಡಂ, ಈ ಫ್ಯಾನ್ ಸುಮ್‌ಸುಮ್ನ ಕೂಗಲ್ರಿ. ಉಸಿರು ಕಟ್ಟಿದ್ರ ಅಷ್ಟ ಕೂಗ್ತದ. ಹಿಂದ ಏನರ ಅಡ್ಡ ಐತೇನು?"

"ಗೋಡೆಗೂ ಅದಕ್ಕೂ ನಡುವ ಒಂದು ಗೇಣು ಬಿಟ್ಟೀನ್ರಿ, ಅಳತಿ ಮಾಡಿ," ಎಂದೆ, ತುಸು ಗತ್ತಿನಿಂದಲೇ.

"ಅಳತಿ ಬ್ಯಾಡ್ರಿ. ಕೈ ಹಾಕಿ ನೋಡ್ರಿ."

ಮನೆಗೆ ಬಂದು ಮೇಜಿನ ಕೆಳಗೆ ತೂರಿದೆ. ಯಂತ್ರದ ಹಿಂದೆ ಕೈ ಹಾಕಿದೆ. ಬೆರಳಿಗೆ ತಗಡು ಸಿಗಲಿಲ್ಲ. ಮೆತ್ತಗೆ ಬಟ್ಟೆ ಸಿಕ್ಕಿತು.

ಅಜ್ಜನ ಹಳೆಯ ಪಂಚೆಯ ತುಂಡು, ಎರಡು ಮಡಿಕೆ. ಅಂಚಿಗೆ ಕೈಹೊಲಿಗೆ. ಹೊಲಿಗೆಯೊಳಗೆ ಲಾಡಿ ಪೋಣಿಸಿ, ವೈರುಗಳು ಬರುವಲ್ಲಿ ಕಾಜಾ ಬಿಟ್ಟು, ಯಂತ್ರದ ಬೆನ್ನಿಗೆ ಅಳತೆ ಹಿಡಿದು ಹೊಲಿದ ಅಂಗಿ. ಬಿಳಿಯ ಬಟ್ಟೆ ಕಾವಿಯ ಬಣ್ಣಕ್ಕೆ ತಿರುಗಿತ್ತು. ಲಾಡಿಯ ಗಂಟು ಬೆಲ್ಲದ ಡಬ್ಬಿಗೆ ಕಟ್ಟಿದಷ್ಟು ಚೊಕ್ಕವಾಗಿತ್ತು. ಆ ಗಂಟು ಯಾರದೆಂದು ಕೇಳಬೇಕಾಗಿರಲಿಲ್ಲ. ಗಣಿ ಕಾಲನಿಯಲ್ಲಿ ಬಾಳಿದವರ ಮನೆಯಲ್ಲಿ ಬಾಯಿ ತೆರೆದ ವಸ್ತು ಇರುವುದಿಲ್ಲ. ಕೊಡಕ್ಕೆ ಬಟ್ಟೆ, ಹಾಲಿಗೆ ಬಟ್ಟೆ, ರೇಡಿಯೋಕ್ಕೆ ಬಟ್ಟೆ, ಹೊಲಿಗೆ ಯಂತ್ರಕ್ಕೆ ಬಟ್ಟೆ. ಅತ್ತೆ ಮೂವತ್ತು ವರ್ಷ ಎಲ್ಲದರ ಬಾಯಿಗೆ ಬಟ್ಟೆ ಕಟ್ಟಿದವಳು, ಇದೊಂದನ್ನು ಬಿಟ್ಟಾಳೆಯೇ? ಹಳೆಯ ಫ್ಯಾನು ದೂಳು ತಿಂದು ಸತ್ತಾಗ ನಾನು ಅವಳೆದುರೇ ಪೇಚಾಡಿದ್ದೆ. ಮೊದಲ ಸಲದ ನಾಲ್ಕು ದಿನ ಅಂಗಿ ಹೊಲಿಯಲು ಹಿಡಿದದ್ದು. ಯಂತ್ರ ಮತ್ತೆ ಅಂಗಡಿಗೆ ಹೊರಟಾಗ ಅಂಗಿ ಒಗೆತಕ್ಕೆ ಬಿತ್ತು. ಅದು ಒಗೆಸಿಕೊಂಡು, ಒಣಗಿ, ಬಿಟ್ಟ ಹೊಲಿಗೆ ಹಾಕಿಸಿಕೊಂಡು ಮರಳಿ ಬೆನ್ನೇರುವವರೆಗಿನದೇ ನಮ್ಮ ಎರಡನೆಯ ನಾಲ್ಕು ದಿನದ ಮೌನ.

ಬಟ್ಟೆಯನ್ನು ಬಿಚ್ಚಿಕೊಂಡು ಹೊರಗೆ ಬಂದೆ. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದಳು. ಯಂತ್ರವನ್ನು ಆರಿಸಿ, "ಅತ್ತೀ, ಇದೇನು?" ಎಂದೆ.

"ಹೇಳಿದ್ನಲ್ಲ ನಿನಗ," ಎಂದು ಪಿಸುಗುಟ್ಟಿದಳು. "ದೂಳು ಹೋಗ್ತದ, ಬಟ್ಟಿ ಕಟ್ತೀನಿ ಅಂದೆ. ಹೂಂ ಅಂದಿ."

ಅಂದಿರಬೇಕು. ಯಾವಾಗ ಎಂಬುದು ಮಾತ್ರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಫ್ಯಾನಿಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಬಿಸಿಯಾಗಿ ಕೂಗುತ್ತದೆ ಎಂದು ವಿವರಿಸಿದೆ. ಅತ್ತೆ ಕೆಂಪು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ನೇವರಿಸುತ್ತ ಕೇಳಿಸಿಕೊಂಡಳು. "ಅಯ್ಯ, ಉಸಿರು ಕಟ್ಟಿಸಿದ್ನೇನ ಅದಕ್ಕ," ಎಂದಳು. ಬಿಟ್ಟ ಹೊಲಿಗೆಯೊಂದನ್ನು ಬೆರಳಿನಿಂದ ಮುಟ್ಟಿ, "ಅದು ಕೆಟ್ಟ್ರ ನಿನ್ನ ಕೆಲಸ ನಿಂತೀತು ಅಂತ ಹೊಲದೆ, ಪದ್ದಿ," ಎಂದಳು. ಅವಳು ತನ್ನ ದನಿಯನ್ನು ಮುಳುಗಿಸುವ ಸದ್ದನ್ನು ತಾನೇ, ನನಗಾಗಿ, ಸೂಜಿ ದಾರ ಹಿಡಿದು ಹೊಲಿದಿದ್ದಳು. ನಾನು ಆ ದನಿಗಾಗಿ ಊರೆಲ್ಲ ಮೌನ ಹುಡುಕುತ್ತ, ಅದು ಹೇಳಿದ ಒಂದೇ ಒಂದು ಮಾತಿಗೆ ಕಿವಿ ಕೊಟ್ಟಿರಲಿಲ್ಲ. ಒಳ್ಳೆಯ ಜೋಡಿ. ಬಟ್ಟೆಯ ಇನ್ನೊಂದು ತುದಿ ಹಿಡಿದು ಮಡಚಲು ಕೈ ಕೊಟ್ಟೆ.

ಆ ಅಂಗಿಯನ್ನು ಬಿಸಾಡಲಿಲ್ಲ. ಹೊಲಿಗೆ ಬಿಚ್ಚಿ, ಉಳಿದ ಪಂಚೆಯನ್ನೂ ಜೋಡಿಸಿ, ರಸ್ತೆಯ ಕಡೆಯ ಕಿಟಕಿಗೆ ಕಟ್ಟಿದೆವು. ದಿನಕ್ಕೆ ಎರಡು ಸಲ ಅತ್ತೆ ಅದಕ್ಕೆ ನೀರು ಚಿಮುಕಿಸುತ್ತಾಳೆ. ದೂಳು ಪೂರ್ತಿ ನಿಂತಿಲ್ಲ, ಆದ್ದರಿಂದ ಭಾನುವಾರ ನಾನು ಯಂತ್ರ ಬಿಚ್ಚಿ ಬ್ರಷ್ಷಿನಿಂದ ರೆಕ್ಕೆ ಒರೆಸುತ್ತೇನೆ. ಫ್ಯಾನು ಹೇಳಬೇಕಾದ್ದು ಏನೂ ಇಲ್ಲದವರ ಹಾಗೆ ತಿರುಗುತ್ತಿದೆ. ಡಾಕ್ಟರು ಹೇಳಿದ ಅಭ್ಯಾಸಕ್ಕೆ ಅತ್ತೆ ಮಗ್ಗಿಯನ್ನೇ ಹಿಡಿದಳು, ಎರಡರಿಂದ ಶುರು. ನಡುವೆ ಲಾರಿ ಬಂದರೆ ನಿಲ್ಲಿಸುತ್ತಾಳೆ. ಹಿಂದೆ ಲಾರಿಗಳನ್ನು ಗೆದ್ದವಳು ಈಗ ಅವು ಹೋಗಲೆಂದು ಕಾಯುತ್ತಾಳೆ. ಬೆರಳನ್ನು ಕೀಲಿಮಣೆಯ ಮೇಲಿಂದ ತೆಗೆದು ನಾನೂ ಕಾಯುತ್ತೇನೆ. ಲಾರಿ ದಾಟಿದಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತಾಳೆ. ಒಂದು ಸಲವೂ ಲೆಕ್ಕ ತಪ್ಪಿಲ್ಲ.

ನಾನು 'ಹೂಂ' ಬಿಟ್ಟಿದ್ದೇನೆ. ಬಿಟ್ಟಮೇಲೆ ತಿಳಿದದ್ದು, ಅತ್ತೆಯ ಮಾತಿನಲ್ಲಿ ಅರ್ಧದಷ್ಟು ಎದುರುಮನೆಯವರ ಬಗ್ಗೆ, ಉಳಿದರ್ಧ ನನ್ನ ಜಡೆಯ ಬಗ್ಗೆ. ಇರಲಿ. ಮೊನ್ನೆ ಬೆಳಿಗ್ಗೆ ಪುಟ ಕಟ್ಟುತ್ತ ಕೂತಿದ್ದೆ. ಏನೋ ಮಾತು ಕೇಳಿದಂತಾಯಿತು. ಮಂಚದ ಕಡೆ ತಿರುಗಿ, "ಏನಂದಿ ಅತ್ತೀ?" ಎಂದೆ.

ಮಂಚ ಖಾಲಿಯಿತ್ತು.

"ನಿನಗಲ್ಲ, ಹಾಲಿಗೆ ಬೈದೆ," ಎಂದಳು ಅತ್ತೆ, ಅಡಿಗೆಮನೆಯಿಂದ.