ಸೋಲಲು ಬಾರದ ಬೆರಳುಗಳು

ರಾಮನಗರದ ನನ್ನ ಮೊದಲ ಬೆಳಗು ಸತ್ತ ಇಲಿ ಹುಡುಕುವುದರಲ್ಲೇ ಕಳೆಯಿತು. ಬಾಡಿಗೆಗೆ ಹಿಡಿದ ಮಹಡಿ ಮನೆಯ ಬಾಗಿಲು ತೆರೆದರೆ ಸಾಕು, ಏನೋ ಬೆಂದು ಕೊಳೆತ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು. ಟ್ರಂಕಿನ ಹಿಂದೆ ನೋಡಿದೆ, ಅಟ್ಟದ ಮೇಲೆ ನೋಡಿದೆ, ಬಚ್ಚಲಿಗೆ ಒಂದು ಬಾಟಲಿ ಫಿನಾಯಿಲ್ ಸುರಿದು ಸೊಂಟ ಬೀಳುವಂತೆ ತಿಕ್ಕಿದೆ. ಮೆಟ್ಟಿಲ ಕೆಳಗೆ ನಿಂತು ಎಲ್ಲವನ್ನೂ ನೋಡುತ್ತಿದ್ದ ಮನೆಯೊಡತಿ ಜೈತುನ್ ಆಪಾ ಕೊನೆಗೆ ನಕ್ಕೇಬಿಟ್ಟರು.

"ಇಲಿ ಅಲ್ಲ ಕಣಮ್ಮ, ಹುಳ. ರೇಷ್ಮೆ ಗೂಡು ಬೇಯ್ಸಿ ನೂಲು ತೆಗೀತಾರಲ್ಲ, ಅದ್ರೊಳಗಿರೋ ಹುಳದ ವಾಸ್ನೆ. ಇಡೀ ಬೀದಿನೇ ಹಿಂಗೆ. ಒಂದೆಂಟು ದಿನ ತಡ್ಕೊ, ಮೂಗು ಒಪ್ಕತದೆ."

ಮೂಗು ಒಪ್ಪಿಕೊಂಡಿತು. ಕಿವಿ ಒಪ್ಪಲಿಲ್ಲ. ಬಂದ ದಿನವೇ ಸಂಜೆ ಐದು ಗಂಟೆಗೆ ಕೆಳಗಿನ ಮನೆಯಿಂದ ಒಂದು ಸದ್ದು ಶುರುವಾಯಿತು. ಟಿಕ್, ಟಿಕ್, ಟಿಕ್, ನಡುವೆ ಒಂದು ಕೀರಲು ಪೀಪಿ, ಮತ್ತೆ ಟಿಕ್, ಟಿಕ್. ಅದು ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನ ಸದ್ದು. ಮೇಲಿನಿಂದ ಇಟ್ಟಿಗೆ ಬೀಳುವ ಆ ಆಟದ್ದು. ಹದಿಮೂರು ವರ್ಷದವಳಿದ್ದಾಗ ವಿಜಯಪುರದ ನಮ್ಮ ಮನೆಯಲ್ಲಿ ಕೇಳಿದ್ದೆ, ಆಮೇಲೆ ಎಲ್ಲಿಯೂ ಕೇಳಿರಲಿಲ್ಲ. ಸೂರ್ಯ ಮುಳುಗಿ ಮಸೀದಿಯಲ್ಲಿ ಆಜಾನ್ ಕೂಗಿದ ಕೂಡಲೇ ಅದು ನಿಂತಿತು. ನಾನು ಸುಸ್ತಾಗಿದ್ದೇನೆ, ಕಿವಿ ಏನೇನೋ ಹುಟ್ಟಿಸಿಕೊಳ್ಳುತ್ತಿದೆ ಎಂದುಕೊಂಡೆ. ಮರುದಿನ ಐದಕ್ಕೆ ಮತ್ತೆ ಕೇಳಿಸಿತು.

ನಮ್ಮ ಕಡೆಯ ಓದುಗರಿಗೆ ಮೊದಲು ಒಂದು ಮಾತು ಹೇಳಬೇಕು. ಗಣಿತದ ಟೀಚರ್ ಆದ ನನಗೆ ಬಡ್ತಿ ಕೊಟ್ಟು ಇಷ್ಟು ದೂರ ಹಾಕಿದರು. ಮದುವೆಯಾಗಿಲ್ಲದ, ನಲವತ್ತು ದಾಟಿದ ಒಂಟಿ ಹೆಂಗಸಿಗೆ ಮನೆ ಸಿಗುವುದು ಎಂಥ ಪಾಡು ಎಂಬುದು ಇಲ್ಲಿ ಗೊತ್ತಾಯಿತು. ಬಾಡಿಗೆಗೆ ಎಂದು ಬೋರ್ಡು ಹಾಕಿದವರೆಲ್ಲ ಮೊದಲು ಕೇಳುವುದು "ಯಾವ ಪೈಕಿ?" ಅಂತ, ಎಂದರೆ ಯಾವ ಜಾತಿ. ಆಮೇಲೆ "ಒಬ್ರೇನಾ?" ಅಂತ. ಜೈತುನ್ ಆಪಾ ಎರಡನ್ನೂ ಕೇಳಲಿಲ್ಲ. "ಸಾಯಂಕಾಲ ಐದರಿಂದ ಆಜಾನ್ ತನಕ ಕೆಳಗೆ ಬರ್ಬೇಡಿ. ಮಿಕ್ಕಿದ್ ಟೈಮಲ್ಲಿ ನಿಮ್ಮನೆ ಅನ್ಕಳಿ," ಎಂದರು. ನಮಾಜಿನ ಹೊತ್ತು ಎಂದುಕೊಂಡು ಒಪ್ಪಿದ್ದೆ.

ಇಲ್ಲಿಯ ಕನ್ನಡ ನಮ್ಮದೇ ಕನ್ನಡ, ಆದರೂ ಮೊದಲ ತಿಂಗಳು ತಲೆ ಕೆಟ್ಟು ಹೋಯಿತು. ನಮ್ಮ 'ಐತಿ' ಇವರಿಗೆ 'ಐತೆ', ನಮ್ಮ 'ಸ್ವಲ್ಪ' ಇವರಿಗೆ 'ಒಸಿ'. ತರಕಾರಿ ಅಂಗಡಿಯಲ್ಲಿ "ಒಸಿ ಜರುಗಿ" ಎಂದರೆ ಯಾವುದೋ ಸೊಪ್ಪಿನ ಹೆಸರು ಎಂದು ಸುಮ್ಮನೆ ನಿಂತಿದ್ದೆ. ನಾನು "ಏನ್ರೀ ಇದು" ಎಂದರೆ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಜಗಳವೇನೋ ಎಂದು ಇಣುಕಿದರು. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಗಂಟಲಿಗೆ ಅಂಟದೆ ಮೊದಲ ತುತ್ತು ಇಳಿದ ದಿನ ಆಪಾ ಚಪ್ಪಾಳೆ ತಟ್ಟಿದರು. ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಶಾಲೆ ಬಿಟ್ಟು ಬಂದು ಒಬ್ಬಳೇ ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಆ ಸದ್ದು ಏಳುತ್ತಿತ್ತಲ್ಲ, ಅದು ನನ್ನನ್ನು ತಿಂದು ಹಾಕುತ್ತಿತ್ತು. ನೆಲದ ಕೆಳಗೆ ಯಾರೋ ನನ್ನ ಹುಡುಗಿತನವನ್ನು ಬಚ್ಚಿಟ್ಟುಕೊಂಡಿದ್ದಾರೆ ಎನಿಸುತ್ತಿತ್ತು. ನಮ್ಮಪ್ಪ ಟೈಪಿಂಗ್ ಕೆಲಸಕ್ಕೆಂದು ಕಂಪ್ಯೂಟರ್ ತಂದಾಗ ಅದಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಿದ್ದರು. ಧೂಳು ತಾಗಿದರೆ ಅದು ಸತ್ತೇ ಹೋಗುತ್ತದೆ ಎಂಬ ಹೆದರಿಕೆ. ಕಾಲು ತೊಳೆದು ಒಳಗೆ ಹೋಗಬೇಕು, ಎದ್ದು ಬರುವಾಗ ಅವ್ವನ ಹಳೆ ಸೀರೆ ಹೊದಿಸಬೇಕು. ಅಪ್ಪ ಹೊರಗೆ ಹೋಗುವುದೇ ತಡ, ಅಣ್ಣ ಬಸು ಅಂಗಿಯ ಕಿಸೆಯಿಂದ ಫ್ಲಾಪಿ ತೆಗೆಯುತ್ತಿದ್ದ. ಕಟ್ಟಡದ ಮೇಲೆ ನಿಂತು ಬಾಳೆಹಣ್ಣು ಎಸೆಯುವ ಗೊರಿಲ್ಲಾಗಳ ಆಟ, ಚೌಕದೊಳಗೆ ಅಡಗಿದ ಬಾಂಬು ಹುಡುಕುವ ಆಟ, ಕೊನೆಗೆ ಈ ಇಟ್ಟಿಗೆ ಆಟ. ಇದನ್ನು ನಾವು ಒಂದೇ ಕೀಬೋರ್ಡಿನ ಮೇಲೆ ಇಬ್ಬರೂ ಆಡುತ್ತಿದ್ದೆವು. ಇಟ್ಟಿಗೆ ತಿರುಗಿಸುವವನು ಅವನು, ಎಡಕ್ಕೆ ಬಲಕ್ಕೆ ಸರಿಸುವವಳು ನಾನು. ಗೆದ್ದಾಗ ಇಬ್ಬರ ಹೆಸರನ್ನೂ ಸೇರಿಸಿ ಬರೆಯುತ್ತಿದ್ದೆವು.

ಒಂದು ಸಂಜೆ ತಡೆಯಲಾಗಲಿಲ್ಲ. ಬಿಸಿ ರೊಟ್ಟಿ ಕೊಡುವ ನೆಪ ಮಾಡಿಕೊಂಡು ಐದೂವರೆಗೆ ಕೆಳಗಿಳಿದೆ. ಬಾಗಿಲು ಓರೆಯಾಗಿತ್ತು.

ಬಿಳುಪು ಹೋಗಿ ಹಳದಿಗಟ್ಟಿದ ದೊಡ್ಡ ಮಾನಿಟರ್. ಅದರ ಮುಂದೆ, ತಲೆ ತುಂಬ ಸೆರಗು ಹೊದ್ದು, ಅರವತ್ತೈದರ ಆಪಾ ಕೂತಿದ್ದರು. ಇಟ್ಟಿಗೆಗಳು ಮಳೆಯಂತೆ ಬೀಳುತ್ತಿದ್ದವು. ಅಷ್ಟು ವೇಗವನ್ನು ನಾನು ಕಂಡಿರಲಿಲ್ಲ. ಆಪಾ ಕಣ್ಣು ಕೂಡ ಮಿಟುಕಿಸದೆ ಒಂದೊಂದನ್ನೂ ಅದರ ಜಾಗಕ್ಕೆ ಕೂರಿಸುತ್ತಿದ್ದರು. ಮೂವತ್ತು ವರ್ಷ ನೂಲು ತೆಗೆಯುವ ಬೇಸಿನ್ನಿನ ಮುಂದೆ ಕೂತು, ಕುದಿಯುವ ನೀರಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದ ಎಳೆ ಹಿಡಿದು, ಹರಿದ ಕೂಡಲೇ ಜೋಡಿಸಿದ ಬೆರಳುಗಳು ಅವು. ತುದಿಗಳು ಬೆಳ್ಳಗೆ ಬೆಂದು, ಸುಕ್ಕುಗಟ್ಟಿದ್ದವು.

ಬೈಯುತ್ತಾರೆ ಎಂದುಕೊಂಡೆ. ಆಪಾ ನನ್ನನ್ನು ನೋಡಿ, ಬಹಳ ದಿನದಿಂದ ಕಾಯುತ್ತಿದ್ದವರ ಹಾಗೆ, "ಬಾ ಟೀಚರಮ್ಮ. ನಿಂಗೆ ಇಂಗ್ಲಿಷ್ ಬತ್ತದಲ್ಲ, ಒಸಿ ಇಲ್ಲಿ ನೋಡು," ಎಂದರು.

ಆಟ ಮುಗಿದಿತ್ತು. ಪರದೆಯ ಮೇಲೆ ಗೆದ್ದವರ ಪಟ್ಟಿ ಬಂತು, ಹತ್ತು ಸಾಲು. ಕೆಳಗಿನ ಮೂರು ಸಾಲುಗಳಲ್ಲಿ ನಯಾಜ್ ಎಂದು ಇಂಗ್ಲಿಷಿನಲ್ಲಿ ಐದಕ್ಷರ. ಮೇಲಿನ ಏಳರಲ್ಲಿ ಬರೀ ಅಂಕಿ, ಹೆಸರಿನ ಜಾಗ ಖಾಲಿ.

"ನನ್ ಮಗ ಕಣಮ್ಮ, ನಯಾಜು. ಬೀದಿಗೆ ಮೊದ್ಲು ಕಂಪ್ಯೂಟ್ರು ತಂದೋನು ಅವ್ನೇ. ಹತ್ತೊಂಬತ್ತು ವರ್ಷಕ್ಕೆ ಬೈಕಲ್ಲಿ ಹೋದೋನು ಬರ್ಲೇ ಇಲ್ಲ. ಆವಾಗ ಹತ್ತಕ್ ಹತ್ತೂ ಅವ್ನ ಹೆಸ್ರೇ ಇತ್ತು. ಶುಕ್ರವಾರ ಶುಕ್ರವಾರ ಆನ್ ಮಾಡಿ ಹೆಸ್ರು ನೋಡಿ ಆಫ್ ಮಾಡ್ತಿದ್ದೆ. ಎರಡು ವರ್ಷದ ಹಿಂದೆ ಬೇಸಿನ್ನು ನಿಲ್ಲಿಸ್ಬುಟ್ಟೆ, ಕೈಗೆ ಕೆಲ್ಸ ಇಲ್ಲ, ನಾನೂ ಆಡೋಕೆ ಕೂತೆ. ಈಗ ನೋಡಿದ್ರೆ ಒಂದೊಂದೇ ಅಳಿಸ್ಕೊಂಡು ಹೋಗ್ತಾ ಐತೆ. ಅಂಕಿ ಉಳ್ಕತದೆ, ಹೆಸ್ರು ಹೋಯ್ತದೆ. ಹಳೇದಾಗಿ ಬಣ್ಣ ಹೋಗ್ತಾ ಐತಾ? ಏನಾದ್ರೂ ದಾರಿ ಐತಾ ಅಮ್ಮ?"

ನನಗೆ ತಕ್ಷಣ ಗೊತ್ತಾಯಿತು. ಆಟ ಮುಗಿದಾಗ ಹೆಸರು ಬರೆಯಲು ಅದು ಜಾಗ ಬಿಡುತ್ತದೆ. ಓದು ಬಾರದ ಆಪಾ ಏನೂ ಬರೆಯದೆ ಗುಂಡಿ ಒತ್ತಿದ್ದಾರೆ. ಅವರು ಚೆನ್ನಾಗಿ ಆಡಿದಾಗಲೆಲ್ಲ ಹೆಸರಿಲ್ಲದ ಒಂದು ಸಾಲು ಒಳಗೆ ನುಗ್ಗಿದೆ, ಮಗನ ಒಂದು ಸಾಲು ಕೆಳಗಿನಿಂದ ಬಿದ್ದುಹೋಗಿದೆ. ಅಳಿಸುತ್ತಿರುವುದು ಕಾಲವಲ್ಲ, ಈ ಬೆರಳುಗಳೇ.

"ಹಳೆ ಮಷಿನ್ ಅಲ್ರೀ ಆಪಾ, ಹಂಗಾಗತೈತಿ," ಎಂದು ಸುಳ್ಳು ಹೇಳಿದೆ. ಮೊಬೈಲಿನಲ್ಲಿ ಪರದೆಯ ಫೋಟೋ ಹಿಡಿದು ತೋರಿಸಿದೆ. ಹೋದ ಹೆಸರುಗಳನ್ನು ಬೇಕಾದರೆ ಮತ್ತೆ ಬರೆಯಬಹುದು ಎಂದೆ. ಆಪಾ ತಲೆಯಾಡಿಸಿದರು. "ಫೋಟೋ ಬೇಕಾದಷ್ಟು ಐತೆ. ನೀನು ಬರುದ್ರೆ ನಿನ್ ಕೈಯಾಯ್ತದೆ. ಇದು ಅವ್ನೇ ಕೂತು ಬರ್ದಿದ್ದು ಕಣಮ್ಮ."

ಅವತ್ತು ರಾತ್ರಿ ಬಸುಗೆ ಫೋನ್ ಮಾಡಿ ನಮ್ಮ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದೆ. "ಅದ್ಯಾವಾಗೋ ಗುಜರಿಗೆ ಹಾಕೇನವಾ. ಈಗ್ಯಾಕ ಅದು ನಿನಗ?" ಎಂದ. ಅವನ ತಪ್ಪೇನಿಲ್ಲ. ಆದರೂ ನಮ್ಮಿಬ್ಬರ ಕೂಡು ಹೆಸರು ಯಾವುದೋ ಗುಜರಿಯಲ್ಲಿ ಕರಗಿಹೋಯಿತಲ್ಲ ಎಂದು ಅತ್ತೆ.

ಸುಳ್ಳಿನ ಮೇಲೆ ಮೂರು ವಾರ ತಳ್ಳಿದೆ. ಐದು ಗಂಟೆಗೆ ಟಿಕ್ ಟಿಕ್ ಶುರುವಾದರೆ ಮೇಲೆ ಕೂತು ಕೈ ಹಿಸುಕಿಕೊಳ್ಳುತ್ತಿದ್ದೆ. ಪೀಪಿ ಪದೇ ಪದೇ ಕೂಗಿದರೆ ಆಪಾ ಗೆಲ್ಲುತ್ತಿದ್ದಾರೆ ಎಂದರ್ಥ. ಸೋಲಿ, ಇವತ್ತೊಂದು ದಿನ ಸೋಲಿ ಎಂದು ಬೇಡುತ್ತಿದ್ದೆ. ಒಂದು ಸಂಜೆ ಆಜಾನ್ ಆದ ಮೇಲೆ ಆಪಾ ಮೆಟ್ಟಿಲು ಹತ್ತಿ ಬಂದರು. "ಮೂರಿತ್ತಲ್ಲ, ಎರಡಾಯ್ತು," ಎಂದು ಹೊಸ್ತಿಲ ಮೇಲೆ ಕೂತುಬಿಟ್ಟರು. ಆ ಸಾಲು ಹೋದದ್ದು ನನ್ನ ಸುಳ್ಳಿನಿಂದ. ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಆಪಾ ತಮ್ಮ ಕೈಗಳನ್ನು ಬಹಳ ಹೊತ್ತು ನೋಡಿದರು. "ನಾನೇನಾ?" ಎಂದರು. ಆಮೇಲೆ ಎದ್ದು ಇಳಿದು ಹೋದರು.

ಮರುದಿನ ಐದಕ್ಕೆ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಆ ಸದ್ದು ನನ್ನನ್ನು ಕಾಡುತ್ತಿತ್ತು ಎಂದು ಬರೆದೆನಲ್ಲ, ಅದಿಲ್ಲದ ಮನೆ ಇನ್ನೂ ಘೋರವಾಗಿತ್ತು. ಆಪಾ ಅಂಗಳದಲ್ಲಿ ಸುಮ್ಮನೆ ಕೂತು ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಊಟ ಬಿಟ್ಟರು. ಹತ್ತನೆಯ ದಿನ ನಾನೇ ಹೋಗಿ ಎದುರು ಕೂತೆ.

"ಆಡಿದ್ರೆ ಅವ್ನು ಹೋಯ್ತಾನೆ," ಎಂದರು. "ಆಡ್ದೇ ಇದ್ರೆ ಅವ್ನ ಪಕ್ಕ ಕೂತಂಗೆ ಆಗಕ್ಕಿಲ್ಲ. ನಾನೇನ್ ಮಾಡ್ಲಿ ಹೇಳು."

"ಬೇಕಂತಲೇ ಸೋಲ್ರಿ ಆಪಾ."

"ಆಗಕ್ಕಿಲ್ಲ ಕಣಮ್ಮ. ಈ ಬೆರಳಿಗೆ ಸೋಲಕ್ಕೆ ಬರಕ್ಕಿಲ್ಲ. ಸುಮ್ನಿರು ಅಂದ್ರೂ ತಾವೇ ಓಡ್ತವೆ."

ನಡುವೆಯೇ ಸ್ವಿಚ್ ಆರಿಸಬಹುದಿತ್ತು. ಆದರೆ ಒಮ್ಮೆ ಆಟದ ಮಧ್ಯೆ ಕರೆಂಟ್ ಹೋಗಿ ಆ ಮಷಿನ್ ಎದ್ದೇಳಲು ವಾರ ಹಿಡಿದಿತ್ತು. ಇನ್ನೊಂದು ಸಲ ಹಾಗಾದರೆ ಇದರ ಕಥೆ ಮುಗಿಯಿತು ಎಂದು ರಿಪೇರಿಯವನು ಹೇಳಿದ್ದಾನೆ. ಆಗ ನನಗೆ ಬಸು ನೆನಪಾದ. ಆಪಾನ ಕೈ ಹಿಡಿದು ಎಬ್ಬಿಸಿದೆ, ಕಾಲು ತೊಳೆದು ಒಳಗೆ ಹೋದೆವು, ಎರಡು ಕುರ್ಚಿ ಹಾಕಿದೆ. "ನೀವು ಬರೇ ತಿರುಗಸ್ರಿ. ಸರಸೋದು ನನ್ನ ಕೆಲಸ," ಎಂದೆ.

ಆಪಾ ಇಟ್ಟಿಗೆಯನ್ನು ಸರಿಯಾಗಿ ತಿರುಗಿಸಿದರು. ನಾನು ಅದನ್ನು ಒಯ್ದು ಎಲ್ಲಿ ಇಡಬಾರದೋ ಅಲ್ಲಿಟ್ಟೆ. ಇನ್ನೊಂದು ತಿರುಗಿಸಿದರು, ಅದನ್ನೂ ಕೆಡಿಸಿದೆ. ಆಪಾ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು.

"ನಿಮ್ಮೂರಲ್ಲಿ ಗೋಡೆ ಹಿಂಗೇ ಕಟ್ತಾರಾ?" ಎಂದರು. ಹತ್ತು ದಿನದ ಮೇಲೆ ನಕ್ಕರು, ನಗುತ್ತಲೇ ಅತ್ತರು. ಐದು ನಿಮಿಷಕ್ಕೆ ಇಟ್ಟಿಗೆ ಮೇಲಕ್ಕೆ ತಾಗಿ ಸೋತೆವು. ಪಟ್ಟಿ ಬಂತು. ನಯಾಜನ ಎರಡು ಸಾಲು ಹಾಗೆಯೇ ಇದ್ದವು.

ಅಂದಿನಿಂದ ದಿನವೂ ಐದಕ್ಕೆ ನಾವು ಸೋಲುತ್ತೇವೆ. ಎಂಟು ತಿಂಗಳಾಯಿತು. ಗೂಡಿನ ವಾಸನೆ ಈಗ ನನ್ನ ಸೀರೆಯಲ್ಲೂ ಇದೆ. ದೀಪಾವಳಿಗೆ ಊರಿಗೆ ಬಂದಾಗ ಅತ್ತಿಗೆ "ಏನ್ ನಾತ ಇದು" ಎಂದು ಮೂಗು ಮುಚ್ಚಿದಳು, ನನಗೆ ತಿಳಿಯಲೇ ಇಲ್ಲ. ಅಲ್ಲಿ ಅವ್ವನ ಕೈಯ ರೊಟ್ಟಿ ತಿನ್ನುತ್ತಾ ಐದು ಗಂಟೆಯಾದದ್ದೇ ತಡ, ಬೆರಳುಗಳು ತಟ್ಟೆಯ ಅಂಚಿನಲ್ಲಿ ಎಡಕ್ಕೆ ಬಲಕ್ಕೆ ಓಡತೊಡಗಿದವು. ನಾನು ಊರಲ್ಲಿದ್ದ ಎರಡು ದಿನ ಆಪಾ ಕಂಪ್ಯೂಟರಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟಿದ್ದರಂತೆ.

ಈಗ ವರ್ಗಾವಣೆಯ ಅರ್ಜಿ ಕರೆದಿದ್ದಾರೆ. ಬಸು ದಿನವೂ ಫೋನ್ ಮಾಡುತ್ತಾನೆ. "ಅರ್ಜಿ ಹಾಕಿ ಬಾರವಾ, ಅವ್ವ ದಾರಿ ನೋಡಾಕತ್ತಾಳ." ಅವ್ವನನ್ನು ನೆನೆದರೆ ಈಗಲೇ ಓಡಿ ಬರೋಣ ಎನಿಸುತ್ತದೆ. ಅರ್ಜಿ ತುಂಬಿದ್ದೇನೆ, ಸಹಿಯೊಂದು ಬಾಕಿ. ನಿನ್ನೆ ಆಡುತ್ತಾ ಆಡುತ್ತಾ ಆಪಾಗೆ ಹೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೋಗ್ಬಾ ಅಮ್ಮ. ಹೆತ್ತ ತಾಯಿ ಕಾಯ್ತಾ ಇದ್ರೆ ಇರು ಅನ್ನಕಾಯ್ತದಾ?" ಒಂದು ಇಟ್ಟಿಗೆ ತಿರುಗಿಸಿದರು, ನಾನು ಸರಿಸಲು ಮರೆತೆ. ಅದು ನೇರವಾಗಿ ಇಳಿದು, ಅದರ ಜಾಗದಲ್ಲೇ ಕೂತಿತು. ಒಂದು ಸಾಲು ತುಂಬಿ ಪೀಪಿ ಕೂಗಿತು. ಆಪಾ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು.

"ನೀನು ಹೋದ್ರೆ ನಾನು ಗೆದ್ದುಬುಡ್ತೀನಿ, ಅಷ್ಟೇಯಾ," ಎಂದರು.