ಕುಡಿಯದವನ ಲಿವರ್

ಲಿವರ್ ಎಂದ ಕೂಡಲೇ ನಮ್ಮ ಮನೆಯಲ್ಲಿ ನೆನಪಾಗುವುದು ಬಾಟಲಿ. ಅಪ್ಪ ಹೋದದ್ದು ಅದರಿಂದಲೇ. ಅಲ್ಲಾಳಸಂದ್ರದ ಆ ಮನೆಯಲ್ಲಿ ಈಗ ನಾನು, ಅಮ್ಮ ಇಬ್ಬರೇ. ನಾನು ಒಂದು ಹನಿ ಮುಟ್ಟಿದವನಲ್ಲ. ಆದರೆ ಅಮ್ಮನಿಗೆ ನನ್ನ ಮಾತಿಗಿಂತ ನನ್ನ ತಟ್ಟೆಯ ಮೇಲೆ ನಂಬಿಕೆ ಹೆಚ್ಚು. ಅಪ್ಪ ಕುಡಿದು ಬಂದ ದಿನ ಊಟ ಬಿಡುತ್ತಿದ್ದರು. ಹಾಗಾಗಿ ಮುದ್ದೆ ಮುಗಿಸಿ, ಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡವನು ಕುಡಿದಿಲ್ಲ ಎಂಬುದು ಅವಳ ಲೆಕ್ಕ. ಹೆಬ್ಬಾಳದ ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕು, ಪಫ್ಸು ತಿಂದು ಬಂದಿದ್ದರೂ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಣ್ಣುತ್ತಿದ್ದೆ. ಉಂಡು ಮುಗಿಸಿದ ಮೇಲೆ ಅಮ್ಮನ ಮುಖ ಸಡಿಲವಾಗುತ್ತಿತ್ತು. ಅದನ್ನು ನೋಡುವುದು ನನಗೆ ಬೇಕಾಗಿತ್ತು.

ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಬಂತು. ಈ ಊರಲ್ಲಿ ಕೊಬ್ಬು ಯಾರಿಗಿಲ್ಲ ಎಂದು ಉಡಾಫೆ ಮಾಡಿದೆ. ಡಾಕ್ಟರು ನಗಲಿಲ್ಲ. ಕೊಬ್ಬು ಸುಮ್ಮನೆ ಕೂತಿದೆಯೋ, ಒಳಗೆ ಉರಿಯೂತ ಶುರುವಾಗಿದೆಯೋ ತಿಳಿಯಬೇಕು. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡುವ ಮೊದಲು ಎಂಆರ್‌ಐ ಮಾಡಿಸೋಣ ಎಂದರು.

ಬಲಪಕ್ಕೆಯ ಮೇಲೆ ತಟ್ಟೆಯಂಥದ್ದೊಂದನ್ನು ಪಟ್ಟಿಯಿಂದ ಬಿಗಿದು ನನ್ನನ್ನು ಕೊಳವೆಯೊಳಗೆ ತಳ್ಳಿದರು. ಆ ತಟ್ಟೆ ಗಡಗಡ ನಡುಗುತ್ತದೆ. ಆ ನಡುಕ ಲಿವರಿನೊಳಗೆ ಹರಿಯುವ ರೀತಿ ನೋಡಿ, ಅದು ಎಷ್ಟು ಗಟ್ಟಿಯಾಗಿದೆ ಎಂದು ಹೇಳುತ್ತಾರಂತೆ. "ಉಸಿರು ಪೂರ್ತಿ ಬಿಡಿ, ಹಾಗೇ ಹಿಡ್ಕೊಳ್ಳಿ" ಎಂದಿತು ಕಿವಿಯಲ್ಲಿ ಒಂದು ದನಿ. ಬಿಟ್ಟ ಮೇಲೆ ಹಿಡಿಯುವುದಕ್ಕೆ ಏನಿರುತ್ತದೆ ಮಹರಾಯ! ಮೂಗಿಗೆ ತಾಗುವಂಥ ಸೂರು, ಕೈ ಅಲುಗಿಸುವ ಹಾಗಿಲ್ಲ. ಭಯವಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನನ್ನು ನೆನೆದು ಇನ್ನೂ ಭಯವಾಯಿತು. ಲಿವರ್ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅವಳು ನನ್ನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ರಿಪೋರ್ಟ್ ಬಂದ ದಿನವೂ ಬಿಡದೆ ಜೊತೆಗೆ ಬಂದಳು. ಡಾಕ್ಟರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಉರಿಯೂತ ಇದೆಯಂತೆ. ಲಿವರ್ ಇನ್ನೂ ಕಲ್ಲಾಗಿಲ್ಲ, ಈಗಲೇ ಊಟ ಅರ್ಧಕ್ಕೆ ಇಳಿಸಿ ತೂಕ ಕಳೆದರೆ ಸರಿಹೋಗಬಹುದಂತೆ.

"ಕುಡಿದ್ರೆ ತಾನೇ ಡಾಕ್ಟ್ರೇ ಇಂಗಾಗೋದು?" ಅಮ್ಮ ಕೇಳಿದಳು.

"ಕುಡೀದೇ ಇರೋರಿಗೂ ಆಗುತ್ತಮ್ಮ."

"ಇವ್ನು ಕುಡೀತಾನೋ ಇಲ್ವೋ, ಅದ್ರಲ್ಲಿ ಕಾಣಲ್ವಾ?"

"ಊತ ಕಾಣುತ್ತೆ. ಯಾಕ್ ಬಂತು ಅಂತ ಸ್ಕ್ಯಾನ್ ಹೇಳಲ್ಲ."

ನನಗೆ ಆ ಯಂತ್ರದ ಮೇಲೆ ಸಿಟ್ಟು ಬಂತು. ಚರ್ಮ ಸೀಳದೆ ಒಳಗಿನದ್ದನ್ನೆಲ್ಲ ಕಂಡ ಅದು, ನನ್ನ ಪರವಾಗಿ ಒಂದು ಮಾತು ಹೇಳಲಾರದೆ ಹೋಯಿತು. ಆಟೋದಲ್ಲಿ ಅಮ್ಮ ಆಚೆ ಮುಖ ಮಾಡಿ ಕೂತಳು. ಉಂಡರೆ ಲಿವರ್ ಕೆಡುತ್ತದೆ, ಬಿಟ್ಟರೆ ನಾನು ಕುಡುಕ. ಎಲ್ಲಿಗೆ ಹೋಗಲಿ?

ಅಂದು ಸಂಜೆ ಅರ್ಧ ಮುದ್ದೆ, ಸ್ವಲ್ಪ ಅನ್ನ ಉಂಡೆ. ಅಮ್ಮ ಎರಡನೇ ಸಲ ಅನ್ನ ತಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

"ಸಾಕಮ್ಮ. ಡಾಕ್ಟ್ರು ಹೇಳಿದ್ದು ನೀನೂ ಕೇಳಿದೆಯಲ್ಲ?"

"ಕೇಳಿಸ್ಕಂಡೆ ಕಣಪ್ಪ." ಅವಳು ಅಲ್ಲಿಂದ ಕದಲಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಮ್ಮಪ್ಪನೂ ಇಂಗೇ ಕೈ ಅಡ್ಡ ಇಡೋರು."

ನಾನು ಕೈ ತೆಗೆದೆ. ಅಮ್ಮ ಅನ್ನ ಹಾಕಿದಳು.